ಕಮಲಾಪುರದ ಮಾಳಿಗೆಯ ಡಬ್ಬಿ

ನನ್ನ ಗಂಡ ನೀಲಕಂಠ ಅವರಿಗೆ ಹ್ಯಾಮ್ ರೇಡಿಯೊ ಹುಚ್ಚು. ಸರ್ಕಾರವೇ ಲೈಸೆನ್ಸು ಕೊಟ್ಟ ಹುಚ್ಚು ಎಂದು ನಾನು ಛೇಡಿಸುತ್ತಿದ್ದೆ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಮಾಳಿಗೆ ತುಂಬ ಇವರದೇ ತಂತಿ. ಬಟ್ಟೆ ಒಣಹಾಕಲು ನಾನು ಜಾಗ ಬೇಡಿ ತೆಗೆದುಕೊಳ್ಳಬೇಕು.

ಇತ್ತೀಚೆಗೆ ಇವರಿಗೂ ಕಮಲಾಪುರದ ಜೈಭೀಮನಿಗೂ ಹೊಸ ಗುಂಗು ಹಿಡಿದಿತ್ತು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಅಗ್ಗದ ಪುಟ್ಟ ರೇಡಿಯೊ, ಮೇಲೊಂದು ಸೋಲಾರ್ ತುಂಡು. ಮೊಬೈಲಿನಲ್ಲಿ ಬರೆದದ್ದನ್ನು ಒಂದು ಡಬ್ಬಿ ಕೇಳಿಸಿಕೊಂಡು ಇನ್ನೊಂದಕ್ಕೆ ದಾಟಿಸುತ್ತದೆ. ಟವರ್ ಬೇಡ, ಕಂಪನಿ ಬೇಡ, ನಡುವೆ ಯಜಮಾನನೂ ಬೇಡ. ನಮ್ಮ ಮಾಳಿಗೆಯ ಮೇಲೊಂದು, ನಂದೂರಿನ ಬೇಳೆ ಮಿಲ್ಲಿನ ಮೇಲೊಂದು, ದಾರಿಯ ದಿನ್ನೆಯ ಮೇಲೊಂದು, ಜೈಭೀಮನ ಮನೆಯ ಮೇಲೊಂದು ಕೂತವು.

ಜೈಭೀಮ ಅಲ್ಲಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಪ್ರತಿ ಭಾನುವಾರ ಬೈಕಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ, ಬಾಗಿಲಲ್ಲೇ ನನ್ನನ್ನು ಅತ್ತಿಗೆ ಮಾಡಿಕೊಂಡು "ವೈನಿ, ಹಸಿವ್ಯಾಗ್ಯಾದ್ರಿ" ಎನ್ನುತ್ತಿದ್ದ. ಅವನು ಬಂದರೆ ಮನೆಯಲ್ಲಿ ಗದ್ದಲ. ನನಗೆ ಅವನೆಂದರೆ ಬಹಳ ಅಕ್ಕರೆ.

ಸಂದೇಶ ಹೋದ ಮೇಲೆ ಪರದೆಯಲ್ಲಿ ಒಂದು ರೈಟ್ ಗುರುತು ಮೂಡುತ್ತದೆ. ಯಾವುದೋ ಒಂದು ಡಬ್ಬಿಗೆ ಕೇಳಿಸಿತು ಎಂದಷ್ಟೇ ಅದರ ಅರ್ಥ. ಆ ಕಡೆಯ ಮನುಷ್ಯ ತಿರುಗಿ ಬರೆಯುವ ತನಕ ಸುದ್ದಿ ಮುಟ್ಟಿತೆಂದು ತಿಳಿಯಬೇಡಿ ಎಂದು ಹ್ಯಾಮ್ ಕ್ಲಬ್ಬಿನ ಹೊಸಬರಿಗೆ ಪಾಠ ಹೇಳುತ್ತಿದ್ದವರು ಇವರೇ.

ಆ ಭಾನುವಾರ ಬೆಳಿಗ್ಗೆಯೂ ಹಿಂದಿನ ದಿನದ ಮಳೆ ನಿಂತಿರಲಿಲ್ಲ, ಮೊಬೈಲ್ ಟವರುಗಳೆಲ್ಲ ಸತ್ತಿದ್ದವು. ಮೋಮಿನಪುರದ ಕರೀಂಸಾಬ್ ತಮ್ಮ ಟೆಂಪೊ ನಿಲ್ಲಿಸಿ ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಅವರೂ ಕ್ಲಬ್ಬಿನವರೇ, ಆದರೆ ಈ ಡಬ್ಬಿಗಳನ್ನು ಕಂಡರೆ ನಗುವವರು.

"ಸರ್, ಕಮಲಾಪುರ ರಸ್ತಾದಾಗ ಹಳ್ಳದ ನೀರು ಬ್ರಿಜ್ಜಿನ ಮ್ಯಾಗ ಹರಿಯಾಕತ್ತದ. ನಾ ಹೆಂಗೋ ಪಾರಾಗಿ ಬಂದೀನಿ. ಜೈಭೀಮ ಇವತ್ತ ಹೊಂಟಾನಲ್ರಿ? ನಾ ತಿರುಗಿ ಹೋಗಿ ಹಳ್ಳದ ದಂಡಿಗೆ ನಿಂದರ್ಲೇನು? ಕೈ ಮಾಡಿ ಅವನ್ನ ಆಚಿ ಕಡೀನೇ ನಿಂದರಸ್ತೀನಿ."

"ಯಾಕ್ರಿ? ಡಬ್ಬಿ ಅದ ಅಲ್ಲ?" ಎಂದರು ಇವರು.

"ಈ ಆಟಿಗಿ ಸಾಮಾನಾ?"

ಇವರಿಗೆ ಅಷ್ಟು ಸಾಕಾಯಿತು. 'ಹಳ್ಳ ತುಂಬ್ಯಾದ, ಹೊಂಡಬ್ಯಾಡ' ಎಂದು ಬರೆದು ಕಳಿಸಿದರು. ರೈಟ್ ಗುರುತು ಮೂಡಿತು. "ನೋಡ್ರಿ ಕರೀಂಸಾಬ್, ಮುಟ್ಟ್ಯಾದ!"

"ಅವ ತಿರುಗಿ ಬರ್ದಾನೇನ್ರಿ?" ಎಂದು ನಾನು ಕೇಳಿದೆ.

"ಬರೀತಾನ ಬಿಡು. ಚಹಾ ಇಡು."

ನಾನೂ ಇಟ್ಟೆ. ಚಹಾ ಮುಗಿದರೂ ಉತ್ತರ ಬರಲಿಲ್ಲ. ಇವರು ಮತ್ತೆ ಕಳಿಸಿದರು, ಮತ್ತೆ ಗುರುತು ಬಂತು, ಜೈಭೀಮನ ಮಾತು ಮಾತ್ರ ಬರಲಿಲ್ಲ. ಇವರೂ ಕರೀಂಸಾಬರೂ ಟೆಂಪೊ ಹತ್ತಿ ಓಡಿದರು. ಹಳ್ಳದ ಬದಿಯ ಜಾಲಿಕಂಟಿಯಲ್ಲಿ ಬೈಕು ಸಿಕ್ಕಿಬಿದ್ದಿತ್ತು. ಜೈಭೀಮ ಮರುದಿನ ಹೆಣವಾಗಿ ಸಿಕ್ಕ.

ನೀರಿಳಿದ ಮೇಲೆ ನಾವು ಕಮಲಾಪುರಕ್ಕೆ ಹೋದೆವು. ಜೈಭೀಮನ ತಾಯಿ ರಮಾಬಾಯಿ ಗೋಡೆಗೊರಗಿ ಕೂತಿದ್ದರು. ಮಾಳಿಗೆಯಲ್ಲಿ ಡಬ್ಬಿ ಕೂರಿಸಿದ್ದ ಕಂಬ ಬೋಳಾಗಿದ್ದುದನ್ನು ಇವರು ಅಂಗಳದಿಂದಲೇ ನೋಡಿದ್ದರು. ರಮಾಬಾಯಿಯೇ ಎದ್ದು ತಗಡಿನ ಟ್ರಂಕು ತೆರೆದು, ಸೀರೆಯಲ್ಲಿ ಸುತ್ತಿದ್ದ ಡಬ್ಬಿಯನ್ನು ತಂದು ಇವರ ಕೈಗಿಟ್ಟರು.

"ಶನಿವಾರ ಮಳಿ ಜೋರ್ ಹಿಡೀತಲ್ರಿ, ತೋಯ್ತದ ಅಂತ ನಾನೇ ಬಿಚ್ಚಿ ಒಳಗ ಇಟ್ಟೀನಿ. ಅವ್ಗೂ ಹೇಳಿಲ್ಲ. ನನ ಮಗಾ ಜೀವಾ ಹಚ್ಚಿ ಮಾಡಿದ್ದು. ಒಂದ್ ಹನಿ ಬಿದ್ದಿಲ್ಲ ನೋಡ್ರಿ."

ಅಂದರೆ ನಮಗೆ ಗುರುತು ಕೊಟ್ಟದ್ದು ದಾರಿಯ ಬೇರೆ ಡಬ್ಬಿ. ತಗಡಿನೊಳಗೆ ಇಟ್ಟ ರೇಡಿಯೊ ಕಿವುಡಾಗುತ್ತದೆ ಎಂಬುದು ಇವರ ಜೊತೆ ಬಾಳಿದ ನನಗೂ ಗೊತ್ತು. ಫೋನು ನೋಡಿದ ಜೈಭೀಮ, ಸುದ್ದಿ ಏನೂ ಇಲ್ಲ, ದಾರಿ ಸರಿಯಾಗಿದೆ ಎಂದುಕೊಂಡು ಹೊರಟಿದ್ದಾನೆ.

ರಮಾಬಾಯಿ ಇವರ ಮುಖವನ್ನೇ ನೋಡಿದರು. "ಹಳ್ಳ ತುಂಬಿದ್ದು ನಿಮಗ ಮೊದಲೇ ಗೊತ್ತಿತ್ತಂತ ಮಂದಿ ಅಂತಾರ. ಗೊತ್ತಿದ್ದೂ ಯಾಕ ಹೇಳ್ಲಿಲ್ರಿ ನನ ಮಗನಿಗ?"

ಹೇಳಿದ್ದೆವು, ಎರಡು ಸಲ ಹೇಳಿದ್ದೆವು ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಇವರು ಟ್ರಂಕಿನ ಕಡೆ ಕಣ್ಣು ಹಾಯಿಸಿ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಗೊತ್ತಿತ್ತವ್ವಾ. ನಾ ಹೇಳ್ಲಿಲ್ಲ. ತಪ್ಪು ನಂದೇ."

ಹೊರಗೆ ಕೂತಿದ್ದ ಗಂಡಸರೆಲ್ಲ ಒಳಗೆ ತಿರುಗಿ ನೋಡಿದರು. ರಮಾಬಾಯಿ ಇವರ ಕೈಯಿಂದ ಡಬ್ಬಿ ಕಸಿದುಕೊಂಡರು.

"ನನ ಮಗಾ ಮಾಡಿದ್ದು ನಿಮ್ಮಂಥೋರ ಕೈಯಾಗ ಬ್ಯಾಡ್ರಿ. ಎದ್ದು ನಡೀರಿ."

ನಾವು ಎದ್ದೆವು. ನಾನು ತುಟಿ ಕಚ್ಚಿಕೊಂಡು ಚಪ್ಪಲಿ ಮೆಟ್ಟಿಕೊಂಡೆ.