ಒಂಬತ್ತು ಮೀನುಗಳ ವಾಚು

ನನ್ನ ಮಾವನವರು ತಮ್ಮ ಉಕ್ಕಿನ ವಾಚನ್ನು ನನ್ನ ಮೇಜಿನ ಮೇಲಿಡುವುದಕ್ಕೆ ಹದಿನೆಂಟು ವರ್ಷ ತೆಗೆದುಕೊಂಡರು. ವಾಚು ರಿಪೇರಿಯವನಿಗೆ ಮಗಳನ್ನು ಕೊಟ್ಟವರು ವಾಚನ್ನು ಮಾತ್ರ ಕೊಟ್ಟಿರಲಿಲ್ಲ. ಅವರ ಮನೆಯ ಗೋಡೆ ಗಡಿಯಾರ, ಅಲಾರಂ, ಒಮ್ಮೆ ಮಿಕ್ಸಿ ಕೂಡ ನನ್ನ ಅಂಗಡಿಗೆ ಬಂದಿದೆ. ಊರವರ ವಾಚನ್ನೆಲ್ಲ ಬಿಚ್ಚಿ ಜೋಡಿಸುವವನಿಗೆ ಸ್ವಂತ ಮಾವನ ವಾಚು ಮುಟ್ಟುವ ಯೋಗ್ಯತೆ ಇಲ್ಲವೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನನಗಂತೂ ಉರಿಯುತ್ತಿತ್ತು.

ತಪ್ಪು ನನ್ನದೇ. ಮದುವೆ ಮಾತುಕತೆಗೆ ಹೋದ ದಿನ ಅವರು ಮಣಿಕಟ್ಟು ಮುಂದೆ ಚಾಚಿ, "ಹದಿಮೂರು ವರ್ಷ ಆಯ್ತು. ಇದರ ಹಿಂದಿನ ಮುಚ್ಚಳ ಒಬ್ಬನೂ ತೆಗೆದಿಲ್ಲ," ಎಂದರು. ತಲೆದೂಗಿ ಸುಮ್ಮನಿರಬೇಕಿತ್ತು. ನನ್ನದೋ ಕಡ್ಡಿ ಮುರಿದ ಹಾಗೆ ಮಾತು. "ಹಾಗಾದ್ರೆ ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತೆ. ಇನ್ನೆರಡು ವರ್ಷಕ್ಕೆ ನಿಂತು ಹೋಗುತ್ತೆ," ಎಂದೆ. ಮದುವೆ ಆಯಿತು, ವಾಚು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಭೇಟಿಯಲ್ಲೂ ಅವರು ಅದನ್ನು ನನ್ನ ಕಿವಿಗೆ ಹಿಡಿದು, "ಕೇಳಿಸ್ತಾ ಅಳಿಯಂದ್ರೆ?" ಎನ್ನುತ್ತಿದ್ದರು.

ಮಾವನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರಿನ ತಕ್ಕಡಿಗಳೆಲ್ಲ ಅವರನ್ನು ಕಂಡರೆ ನೆಟ್ಟಗಾಗುತ್ತಿದ್ದವಂತೆ. ಇನ್‌ಸ್ಪೆಕ್ಟರ್ ಆಗಿ ಬಡ್ತಿ ಸಿಕ್ಕಾಗ ಎರಡು ವರ್ಷದ ಉಳಿತಾಯ ಸುರಿದು ಕೊಂಡ ವಾಚು ಅದು. ಮೊನ್ನೆ ವಿಮೆ ಕಂಪನಿಯ ಫಾರಂ ಬಂತು. ಬೆಲೆಬಾಳುವ ವಸ್ತುಗಳ ಪಟ್ಟಿಯಲ್ಲಿ ವಾಚು ಸೇರಿಸಬೇಕಾದರೆ ಕಸುಬಿನವರೊಬ್ಬರು ಒಳಗಿನ ಯಂತ್ರ ನೋಡಿ ಮೌಲ್ಯ ಬರೆದು ಸಹಿ ಹಾಕಬೇಕು. ಬೇರೆ ದಾರಿಯಿಲ್ಲದೆ ಮಾವ ಬಂದರು, ಹಿಂದೆ ಅತ್ತೆ.

"ಮೂವತ್ತೊಂದು ವರ್ಷ. ನಿಮ್ಮದೇ ಮೊದಲನೇ ಕೈ," ಎಂದರು ಮಾವ. ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಮೊದಲು ಹೊರಗಿನಿಂದ ನೋಡಿದೆ. ತೆಳ್ಳಗಿನ, ದಿನಾ ಕೀ ಕೊಡುವ ವಾಚು. ಡಯಲ್ ಮಾಸಿದ ಬೆಳ್ಳಿ ಬಣ್ಣ, ಅಂಕಿಗಳ ಬದಲು ಸಣ್ಣ ಗೆರೆಗಳು. ಪಟ್ಟಿ ಸಿಕ್ಕಿಸುವ ಕೊಂಬುಗಳ ಅಂಚು ಹೊಸದರಂತೆ ಚೂಪಾಗಿತ್ತು. ಅಂದರೆ ಯಾವ ಅತಿಬುದ್ಧಿವಂತನೂ ಪಾಲಿಶ್ ಹಿಡಿದು ಅದನ್ನು ಬೋಳಿಸಿರಲಿಲ್ಲ. ಹೊಗಳದೆ ಗತಿಯಿರಲಿಲ್ಲ, ಹೊಗಳಿದೆ. ಮಾವ ತಲೆಯಾಡಿಸಿದರು. ಅತ್ತೆ ಮಾತ್ರ ಸ್ಟೂಲಿನ ಮೇಲೆ ಚೀಲ ಅವುಚಿಕೊಂಡು, ಯಾಕೋ ಬೆವರುತ್ತಿದ್ದರು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ವಾಚು ಶುಚಿ ಮಾಡಿದವನು ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತನ್ನ ಗುರುತು, ತಿಂಗಳು, ವರ್ಷ ಗೀರಿಡುತ್ತಾನೆ. ಮುಂದೆ ತೆಗೆಯುವವನಿಗೆ ಅದೇ ಜಾತಕ. ಯಾರೂ ಮುಟ್ಟದ ಆ ವಾಚಿನ ಮುಚ್ಚಳದಲ್ಲಿ ಮೀನುಗಳಿದ್ದವು. ಮೂರು ವರ್ಷಕ್ಕೊಂದರಂತೆ, ಸಾಲಾಗಿ, ಒಂಬತ್ತು ಪುಟ್ಟ ಮೀನು.

ಮೀನು ಯಾರದೆಂದು ನನಗೆ ಹೇಳಿಕೊಡಬೇಕಾಗಿಲ್ಲ. ಎದುರಿನ ವಾಚು ರಿಪೇರಿ ಅಂಗಡಿಯವನದು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿ ಗಿರಾಕಿಗಳನ್ನು ಮರುಳು ಮಾಡುವ ಅವನ ಜೊತೆ ಬೋರ್ಡಿನ ಜಗಳವಾಗಿ ನಾನು ಮಾತು ಬಿಟ್ಟು ಹನ್ನೊಂದು ವರ್ಷ. ಒಂಬತ್ತರಲ್ಲಿ ಆರು ಮೀನು ನನ್ನ ಮದುವೆಯ ನಂತರದವು. ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ.

"ರೀ, ಫಾರಂದು ಒಂದು ಜೆರಾಕ್ಸ್ ಬೇಕಲ್ವಾ, ಈಗಲೇ ಮಾಡಿಸ್ಕೊಂಡು ಬನ್ನಿ," ಎಂದರು ಅತ್ತೆ. ಮಾವ ಹೊರಟರು. ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಸ್ಟೂಲು ಹತ್ತಿರ ಎಳೆದರು.

"ಅವರು ತಮ್ಮ ತಂಗಿ ಮನೆಗೆ ಹೋದಾಗ, ದಾರೀಲಿ ಕಳ್ಳರು ಅಂತ ವಾಚು ಬೀರುವಿನಲ್ಲಿಟ್ಟು ಹೋಗ್ತಾರೆ. ಆಗ ಮಾಡಿಸ್ತಿದ್ದೆ. ಶುರುವಿನಲ್ಲೇ ಒಂದ್ಸಲ ನಿಂತು ಹೋಗಿತ್ತು. ಅವರ ಮುಖ ನೋಡೋಕೆ ಆಗ್ತಿರ್ಲಿಲ್ಲ, ಊಟ ಬಿಟ್ಟಿದ್ರು. ಆಮೇಲೆ ತಾನಾಗೇ ನಡೀತು ಅಂದ್ಕೊಂಡಿದ್ದಾರೆ."

"ಅದು ಸರಿ ಅತ್ತೆ. ನಾನು ಸತ್ತು ಹೋಗಿದ್ನಾ? ಅವನ ಹತ್ರ ಯಾಕೆ?"

"ನಿಮಗೆ ಕೊಟ್ಟಿದ್ರೆ ಸಂಜೆಯೊಳಗೆ ಅವರಿಗೆ ಹೇಳ್ತಿದ್ರಿ. ಹೇಳ್ತಿರ್ಲಿಲ್ವಾ?"

ಹೇಳುತ್ತಿದ್ದೆ. ಸಂಜೆಯವರೆಗೂ ಕಾಯುತ್ತಿರಲಿಲ್ಲ.

ಅಷ್ಟರಲ್ಲಿ ಮಾವ ಬಂದೇಬಿಟ್ಟರು. ಬಂದವರೇ, "ಕೊಡಿ ಇಲ್ಲಿ, ನಾನೂ ನೋಡ್ತೀನಿ," ಎಂದು ಭೂತಗನ್ನಡಿ ಕಿತ್ತುಕೊಂಡರು. ಜೀವನವಿಡೀ ಇನ್ನೊಬ್ಬರ ತಕ್ಕಡಿ ತಪಾಸಣೆ ಮಾಡಿದ ಕಣ್ಣು. ಬೇಡವೆನ್ನುವುದು ಹೇಗೆ? ಮುಚ್ಚಳವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಅತ್ತೆಯ ಕೈ ಚೀಲದ ಹಿಡಿಕೆಯನ್ನು ಹಿಂಡುತ್ತಿತ್ತು.

"ಇದೇನಿದು, ಮೀನಿದ್ದ ಹಾಗಿದೆ?"

ಹದಿನೆಂಟು ವರ್ಷದ ಉರಿ ತೀರಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಆ ದಿನ ನಾನು ಹೇಳಿದ್ದೇ ಸರಿ, ಶುಚಿ ಮಾಡಿಸದಿದ್ದರೆ ವಾಚು ಎಂದೋ ನಿಲ್ಲುತ್ತಿತ್ತು ಎಂದುಬಿಟ್ಟರೆ ಮುಗಿಯಿತು. ಮಾವನ ಮುಖ ನೋಡಿದೆ. ಎಪ್ಪತ್ತು ದಾಟಿದವರು, ಒಂದು ಕಣ್ಣು ಮುಚ್ಚಿ ಬಾಯಿ ಸ್ವಲ್ಪ ತೆರೆದುಕೊಂಡು, ತಮ್ಮ ವಾಚಿನ ಹೊಟ್ಟೆಯೊಳಗನ್ನು ಮೊದಲ ಸಲ ನೋಡುತ್ತಿದ್ದರು. ಪಾಪ ಎನಿಸಿತು.

"ಕಾರ್ಖಾನೆಯವರ ಗುರುತು ಮಾವ. ನೀರು ಒಳಗೆ ಹೋಗಲ್ಲ ಅಂತ."

"ಒಂಬತ್ತು ಇದೆ?"

"ಒಂಬತ್ತು ಸಲ ಪರೀಕ್ಷೆ ಮಾಡಿದಾರೆ."

"ಪಕ್ಕದಲ್ಲಿ ಅಂಕಿ?"

"ಬ್ಯಾಚ್ ನಂಬರ್."

ಮಾವ ಭೂತಗನ್ನಡಿ ಇಳಿಸಿ ಅತ್ತೆಯ ಕಡೆ ತಿರುಗಿದರು. "ನೋಡಿದ್ಯಾ? ತಪಾಸಣೆ ಅಂದ್ರೆ ಹೀಗಿರ್ಬೇಕು. ನಾವು ತಕ್ಕಡಿಗೆ ಒಂದೇ ಸಲ ಮುದ್ರೆ ಒತ್ತುತ್ತಿದ್ವಿ." ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಫಾರಂನಲ್ಲಿ 'ಯಂತ್ರ ಒಳ್ಳೆಯ ಆರೈಕೆಯಲ್ಲಿದೆ' ಎಂದು ಬರೆದು, ಮೌಲ್ಯ ತುಂಬಿ ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಳಾದವನು ಎಣ್ಣೆಯನ್ನು ಎಷ್ಟು ಬೇಕೋ ಅಷ್ಟೇ ಬಿಟ್ಟಿದ್ದ, ಒಂದು ತಿರುಪಿನ ತಲೆಯೂ ಸವೆದಿರಲಿಲ್ಲ. ಮುಚ್ಚಳ ಹಾಕುವ ಮುಂಚೆ ಸೂಜಿ ಕೈಗೆತ್ತಿಕೊಂಡೆ. ಕೊನೆಯ ಮೀನಿನ ಕೆಳಗೆ ನನ್ನದೊಂದು ಗುರುತಿಗೆ ಜಾಗವಿತ್ತು. ಆದರೆ ಬರೀ ನೋಡಿದವನು ಗೀರುವಂತಿಲ್ಲ, ಶುಚಿ ಮಾಡಿದವನು ಮಾತ್ರ. ಸೂಜಿ ಕೆಳಗಿಟ್ಟೆ. ಆಗ ಆದ ಸಂಕಟ ನನಗೇ ಗೊತ್ತು.

"ಒಂದ್ಸಲ ತೆಗೆದದ್ದಾಯ್ತು," ಎಂದರು ಮಾವ, ವಾಚು ಕಟ್ಟಿಕೊಳ್ಳುತ್ತ. "ಇನ್ನು ಮೂವತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಎಣ್ಣೆ ಒಣಗುತ್ತೆ ಅಂದಿದ್ರಲ್ಲ ಅಳಿಯಂದ್ರೆ, ಒಣಗಿತ್ತಾ?"

"ಇಲ್ಲ ಮಾವ. ನಾನು ಅವತ್ತು ತಪ್ಪು ಹೇಳಿದ್ದೆ."

ಅವರು ನನ್ನ ಬೆನ್ನು ತಟ್ಟಿದರು. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ದಾರಿಯುದ್ದಕ್ಕೂ ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸ ಮಾಡಿದೆ. ಹೆಂಡತಿಗೂ ಹೇಳಬಾರದು. ಅವಳ ಅಮ್ಮನ ಗುಟ್ಟು, ನನ್ನ ಜೊತೆಗೇ ಹೋಗಲಿ. ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವನೆಂದು ನನ್ನ ಮೇಲೆ ನನಗೇ ಗೌರವ ಬಂದಿತ್ತು. ಕೈ ತೊಳೆದು ಕೂತೆ.

"ಅಪ್ಪನ ವಾಚು ನೋಡಿದ್ರಾ?" ಎಂದಳು ಅವಳು.

"ನೋಡಿದೆ. ಚೆನ್ನಾಗಿದೆ. ಯಾರೂ ಮುಟ್ಟಿಲ್ಲ."

ಅವಳು ಬಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ತಟ್ಟೆಗೆ ಇನ್ನೊಂದು ಸೌಟು ಜಾಸ್ತಿಯೇ ಹಾಕಿದಳು.

"ಪರವಾಗಿಲ್ಲ, ಕಲಿತಿದ್ದೀರಿ. ಮುಂದಿನ ವರ್ಷ ಅಪ್ಪ ತಂಗಿ ಮನೆಗೆ ಹೋದಾಗ ನಾನು ವಾಚು ಹಿಡಿದು ರಸ್ತೆ ದಾಟೋದಿಲ್ಲ. ನಿಮಗೇ ತಂದುಕೊಡ್ತೀನಿ."