ಬಾಯಲ್ಲಿಟ್ಟ ತವರು

ತವರಿನದು ಎಂದು ತೋರಿಸಲು ಓಟಿಲಿಯೆ ರಾಣಿಯ ಬಳಿ ಒಂದು ಗುಂಡಿಯೂ ಇರಲಿಲ್ಲ.

ಇಪ್ಪತ್ತಾರು ವರ್ಷದ ಕೆಳಗೆ ತವರಾದ ಹೋಹೆನ್‌ವಾಲ್ಡ್ ಸಂಸ್ಥಾನದಿಂದ ಮದುಮಗಳಾಗಿ ಅವಳು ಇದೇ ಗಡಿಮನೆಗೆ ಬಂದಿದ್ದಳು. ಮೈನ್ ನದಿಯ ನಡುಗಡ್ಡೆಯಲ್ಲಿ ಎರಡು ಕೋಣೆಯ ಮರದ ಮನೆ. ಮದುಮಗಳು ಆಚೆ ಬಾಗಿಲಿನಿಂದ ತವರಿನ ಬಟ್ಟೆಯಲ್ಲಿ ಒಳಗೆ ಬರಬೇಕು. ಕಾಲುಚೀಲದವರೆಗೆ ಎಲ್ಲವನ್ನೂ ಬಿಚ್ಚಿಟ್ಟು, ಗಂಡನ ಕಡೆಯವರು ತಂದದ್ದನ್ನು ತೊಟ್ಟು, ಈಚೆ ಬಾಗಿಲಿನಿಂದ ಹೊರಡಬೇಕು. ಅವತ್ತು ಅವಳ ನಾಯಿ ಫ್ಲಿಂಕ್ ಆಚೆ ಬಾಗಿಲನ್ನು ಕೆರೆಯುತ್ತಲೇ ಉಳಿಯಿತು. ಅಪ್ಪನ ಕೋಟಿನ ಬೆಳ್ಳಿ ಗುಂಡಿಯೊಂದನ್ನು ಮಾತ್ರ ಬಾಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಸಾರೋಟಿನಲ್ಲಿ ಕೆಮ್ಮು ಬಂದು ಅದು ರಾಣಿವಾಸದ ಹಿರಿಯ ಸಖಿ ವಾಲ್ಬುರ್ಗಾಳ ಮಡಿಲಿಗೇ ಬಿತ್ತು. ವಾಲ್ಬುರ್ಗಾ ಕಿಟಕಿ ತೆರೆದು ಎಸೆದಳು.

ಇವತ್ತು ಇಲ್ಲಿಗೆ ಮದುಮಗಳಾಗಿ ಬರುತ್ತಿದ್ದವಳು ಅಣ್ಣನ ಮಗಳು ಲಿಯೊನೋರಾ. ಮಗನಿಗೆ ಇದಕ್ಕಿಂತ ದೊಡ್ಡ ಮನೆತನಗಳ ಸಂಬಂಧ ಬಂದಿದ್ದವು. ಓಟಿಲಿಯೆ ಹಟ ಹಿಡಿದು ಇದನ್ನೇ ಕುದುರಿಸಿದ್ದಳು. ತವರಿನ ಕೋಟೆಯ ಹಿಂದೆ ಒಂದು ಚೆರಿ ಮರವಿತ್ತು. ಬೇಸಗೆಯಲ್ಲಿ ಅಣ್ಣ ಅದರ ಕೊಂಬೆಯೇರಿ ಪಾಠದ ಮೇಷ್ಟ್ರ ಟೋಪನ್ನಿನ ಮೇಲೆ ಬೀಜ ಉಗುಳುತ್ತಿದ್ದ. ಕೆಳಗೆ ಇವಳು ಲಂಗದಲ್ಲಿ ಹಣ್ಣು ಆಯುತ್ತಿದ್ದಳು. ಕಪ್ಪಾದ ನಾಲಿಗೆ ನೋಡಿ ಅಮ್ಮ, "ನೀವು ರಾಜನ ಮಕ್ಕಳೋ, ಕಾಗೆ ಮರಿಗಳೋ?" ಎಂದು ಬೈಯುತ್ತಿದ್ದಳು. ಅದನ್ನೆಲ್ಲ ಕೂತು ಮಾತಾಡಲು ಅರಮನೆಯಲ್ಲಿ ಒಂದು ಜೀವ ಬೇಕಾಗಿತ್ತು.

ಹೊಸ ಉಡುಪಿನಲ್ಲಿ ಲಿಯೊನೋರಾ ಎದುರು ಬಂದು ನಿಂತಳು. ತುಟಿ ಬಿಗಿದಿತ್ತು.

"ಪ್ರಯಾಣ ಸುಖವಾಗಿತ್ತಾ?" ಎಂದಳು ವಾಲ್ಬುರ್ಗಾ.

ಹುಡುಗಿ ತಲೆಯಾಡಿಸಿದಳು.

"ತಂದೆಯವರು ಆರೋಗ್ಯವಾ?"

ಮತ್ತೆ ತಲೆಯಾಡಿಸಿದಳು.

"ಇದೇನು ರಾಣಿಯವರೇ, ನಮಗೆ ಮೂಗೀನ ಗಂಟು ಹಾಕಿದ್ರಾ?" ವಾಲ್ಬುರ್ಗಾ ಹುಡುಗಿಯ ಗಲ್ಲ ಹಿಡಿದಳು. "ಬಾಯಿ ತೆಗೀರಿ, ಮಗೂ. ನಿಮ್ಮ ಅತ್ತೆಯವರ ಗುಂಡಿ ಕಥೆ ಆದಮೇಲೆ ಬಾಯಿ ನೋಡೋದೂ ಪದ್ಧತಿ ಆಗಿದೆ."

ಓಟಿಲಿಯೆಯ ಮುಖ ಬಿಸಿಯಾಯಿತು. "ಬಿಡಿ ವಾಲ್ಬುರ್ಗಾ. ನಮ್ಮಣ್ಣನ ಮಗಳು. ಏನಿದ್ರೂ ಇರಲಿ."

ಅಷ್ಟರಲ್ಲಿ ಹುಡುಗಿಯ ಗಂಟಲು ಅಲುಗಿತ್ತು.

"ನುಂಗ್ಬಿಟ್ಟೆ, ಅತ್ತೇ."

ಅದೇ ತವರಿನ ರಾಗ. ಓಟಿಲಿಯೆಗೆ ಒಂದು ಕ್ಷಣ ಬೇರೇನೂ ಕೇಳಿಸಲಿಲ್ಲ.

"ಏನನ್ನೇ ನುಂಗಿದ್ದು?"

"ಚೆರಿ ಬೀಜ. ಹೋದ ಚಳಿಗಾಲ ಮರ ಬಿತ್ತು. ಉಳಿದಿದ್ದು ಇದೊಂದೇ. ಅತ್ತೆಗೆ ಕೊಡು, ನೆಟ್ಕೊಳ್ಳಲಿ ಅಂತ ಅಪ್ಪ..." ಹುಡುಗಿ ಅಳತೊಡಗಿದಳು.

"ಅದಕ್ಯಾಕೆ ಅಳ್ತೀರಿ?" ಎಂದಳು ವಾಲ್ಬುರ್ಗಾ. "ನಾಳೆ ತಾನಾಗೇ ಹೊರಗೆ ಬರತ್ತೆ. ಆದ್ರೆ ನೆನಪಿರಲಿ, ಆಗ ಅದು ನಮ್ಮ ಸಂಸ್ಥಾನದ್ದು."

ಓಟಿಲಿಯೆ ನಕ್ಕಳು. ಮೂಗು ಸೀಟುತ್ತಲೇ ಹುಡುಗಿಯೂ ನಕ್ಕಳು. ಸಾರೋಟಿನಲ್ಲಿ ದಾರಿಯುದ್ದಕ್ಕೂ ಇಬ್ಬರೂ ಮೇಷ್ಟ್ರ ಟೋಪನ್, ಅಮ್ಮನ ಬೈಗುಳ, ಬಿದ್ದ ಮರದ ಸುದ್ದಿಯನ್ನೇ ಆಡಿದರು. ವಾಲ್ಬುರ್ಗಾ ಕಣ್ಣು ಮುಚ್ಚಿ ನಿದ್ದೆ ನಟಿಸಿದಳು.

ಅವತ್ತು ರಾತ್ರಿ ಅರಮನೆಯಲ್ಲಿ, ಹುಡುಗಿಯ ಕೋಣೆಯ ಶೌಚದ ಪಾತ್ರೆಯನ್ನು ಚೆಲ್ಲಬೇಡಿ ಎಂದು ಊಳಿಗದವಳಿಗೆ ಹೇಳಬೇಕೆಂದು ಓಟಿಲಿಯೆ ಎರಡು ಸಲ ಬಾಯಿ ತೆರೆದಳು. ರಾಣಿಯಾದವಳು ಅದನ್ನು ಹೇಳುವುದು ಹೇಗೆ? ಬೆಳಿಗ್ಗೆ ಎದ್ದು ತಾನೇ ಹೋದಳು. ಊಳಿಗದವಳು ಚುರುಕಿನವಳು. ಪಾತ್ರೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು.

ತವರಿನಿಂದ ಹೊರಟು ದಾರಿಯಲ್ಲೇ ಹೋದವು: ನಾಯಿ ಒಂದು, ಗುಂಡಿ ಒಂದು, ಚೆರಿ ಬೀಜ ಒಂದು.