ಹನ್ನೊಂದು ವಾರದ ಚಳಿ

ತರಕಾರಿಯ ಡಬ್ಬಿ ಖಾಲಿ ಇತ್ತು. ಸುಶೀಲೇಂದ್ರ ಫ್ರಿಜ್ಜಿನ ಬಾಗಿಲು ಮುಚ್ಚಿ ಮತ್ತೆ ತೆರೆದ. ಆಗಲೂ ಖಾಲಿ.

ಹನ್ನೊಂದು ವಾರದಿಂದ ಅಲ್ಲಿ, ಕಾಗದದ ಚೀಲದೊಳಗೆ, ಹದಿನಾರು ಟುಲಿಪ್ ಗಡ್ಡೆಗಳಿದ್ದವು. ಚಳಿಗಾಲ ಕಾಣದ ಟುಲಿಪ್ ಹೂ ಬಿಡುವುದಿಲ್ಲ. ವಿಜಯಪುರದಲ್ಲಿ ಅಂಥ ಚಳಿಗಾಲ ಸಿಗುವುದು ಫ್ರಿಜ್ಜಿನಲ್ಲಷ್ಟೇ. ಹದಿನೆಂಟು ವರ್ಷ ಸಸ್ಯಶಾಸ್ತ್ರ ಕಲಿಸಿದವನಿಗೆ ಒಂದು ಹೂವನ್ನಾದರೂ ತಾನೇ ಅರಳಿಸಿ ತಾಯಿಗೆ ತೋರಿಸಬೇಕೆಂಬ ಹಟ. ಈ ಭಾನುವಾರ ಕುಂಡಕ್ಕೆ ಹಾಕಬೇಕಿತ್ತು.

ತಾಯಿ ವತ್ಸಲಾಬಾಯಿ ಹೂಬತ್ತಿ ಹೊಸೆಯುತ್ತಿದ್ದರು. ಚೀಲ ಎಲ್ಲಿ ಎಂದು ಇವನು ಕೇಳಿದರೆ ತಲೆ ಎತ್ತಲಿಲ್ಲ.

"ಆ ಉಳ್ಳಾಗಡ್ಡಿ? ಹಾಲಿನ ದುಂಡವ್ವಗ ಕೊಟ್ಟೆ."

ಮಡಿ-ಮೈಲಿಗೆಯ ಈ ಮನೆಯೊಳಗೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಎಂದೂ ಬಂದದ್ದಿಲ್ಲ. ಚೀಲದೊಳಗಿದ್ದದ್ದನ್ನು ಕಂಡು, ಮಗ ಕದ್ದು ತಿನ್ನುತ್ತಾನೆಂದು ದೀಪಾವಳಿಯಿಂದಲೂ ಅವರು ನಂಬಿದ್ದರು. ಅಂದಿನಿಂದ ಫ್ರಿಜ್ಜಿನ ಹಾಲು ಮುಟ್ಟಿರಲಿಲ್ಲ. ತಾನೇ ನಾಚಿ ತೆಗೆದಾನೆಂದು ಕಾದು ಕಾದು, ಮೊನ್ನೆ ಸೋಮವಾರ ಕೊಟ್ಟುಬಿಟ್ಟಿದ್ದರು. ಅವರು ಹಾಲು ಬಿಟ್ಟದ್ದನ್ನು ಇವನು ಗಮನಿಸಿರಲೇ ಇಲ್ಲ. ಸಿಟ್ಟು ಬಂತು; ಯಾರ ಮೇಲೆ ಎಂದು ತಿಳಿಯಲಿಲ್ಲ.

"ಅವು ಹೂವಿನ ಗಡ್ಡಿ, ಅಮ್ಮಾ."

"ಇದ್ದೀತು."

ಆ ಒಂದು ಮಾತಿಗೆ ಅವನ ಮೈ ಉರಿಯಿತು. ಒಂದು ಗಡ್ಡೆ ತಂದು ಮೂಸಿಸಬೇಕು, ನಂಬಿಸಬೇಕು. ಸ್ಕೂಟರ್ ತೆಗೆದು ದುಂಡವ್ವನ ಊರು ಅರಕೇರಿಗೆ ಹೊರಟ.

ದುಂಡವ್ವ ಹೊಲದಲ್ಲಿದ್ದಳು. ಗಡ್ಡೆಗಳು ಮೊಳಕೆ ಒಡೆದಿದ್ದವಂತೆ. ಮೊಳೆತದ್ದನ್ನು ಯಾರು ಉಣ್ಣುತ್ತಾರೆ? ಬೀಜಕ್ಕೆಂದು ಉಳ್ಳಾಗಡ್ಡಿ ಊರಿದ ಸಾಲುಗಳಲ್ಲೇ ಅವನ್ನೂ ಊರಿದ್ದಳಂತೆ.

"ಯಾವ ಸಾಲಿನ್ಯಾಗ?"

"ಜಾಗಾ ಇದ್ದಲ್ಲೆ ಅಲ್ಲಲ್ಲಿ ಊರೇನ್ರಿ. ನೀವು ಕಲಿಸೋರು, ನಿಮಗ ಗೊತ್ತಾಗೂದಿಲ್ಲೇನ್ರಿ ಸರ್ರ?"

ಹೊಲದ ತುಂಬ ಒಂದೇ ಥರದ ಹಸಿರು ಮೊನೆಗಳು. ಕಲಿಸುವವನು ಮಣ್ಣಿನಲ್ಲಿ ಮೊಣಕಾಲೂರಿದ. ಒಂದು ಕಿತ್ತ. ಉಳ್ಳಾಗಡ್ಡಿ. ಇನ್ನೊಂದು ಕಿತ್ತು, ಉಗುರಿನಿಂದ ಸಿಪ್ಪೆ ಸುಲಿದು ನೋಡಿದ. ಅದೂ ಉಳ್ಳಾಗಡ್ಡಿ. ಒಂಬತ್ತನೆಯದಕ್ಕೆ ಕೈ ಹಾಕಿದಾಗ ದುಂಡವ್ವ, ಮೆಲ್ಲಗೇ, ಇನ್ನು ಸಾಕು ಮಾಡಿರೆಂದಳು. ಹಾಳಾಗುತ್ತಿದ್ದದ್ದು ಅವಳ ಬೀಜ.

ಮನೆಗೆ ಬಂದು ತಾಯಿಯೆದುರು ಬರಿಗೈ ಚಾಚಿ, ಸಿಗಲಿಲ್ಲ ಎಂದ. ವತ್ಸಲಾಬಾಯಿ ಮೂಗಿಗೆ ಸೆರಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.

ಅವನು ಕೈಯನ್ನು ಸಾಬೂನಿನಿಂದ ತೊಳೆದ, ಹುಣಸೆಹಣ್ಣಿನಿಂದ ತಿಕ್ಕಿದ. ಒಳಗೆ ಬಂದರೆ ಅವನ ತಾಟು ಎಂದಿನಂತೆ ಅಡುಗೆಮನೆಯಲ್ಲಿರದೆ ಪಡಸಾಲೆಯಲ್ಲಿತ್ತು, ಬಡಿಸಿ ಇಟ್ಟಿತ್ತು. ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ತಿನ್ನದವನು ತುತ್ತು ಎತ್ತಿದ. ಬೆರಳು ಅದನ್ನೇ ನಾರುತ್ತಿತ್ತು. ಆದರೂ ಉಂಡ.

ಇನ್ನಷ್ಟು ಅನ್ನ ಬೇಕೇ ಎಂದು ತಾಯಿ ಕೇಳಿದರು, ಅಡುಗೆಮನೆಯ ಬಾಗಿಲು ತೆರೆಯದೆ.